ಪತ್ರ ಬರೆದು ಧೈರ್ಯ ತುಂಬಿದ ಸಂತ ಫ್ರಾನ್ಸಿಸ್ ದೆ ಸಾಲ್ಸ್



ಪ್ರತಿ ವರ್ಷ ಜನವರಿ 24ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ದೆ ಸಾಲ್ಸ್‌ರವರ ಹಬ್ಬವನ್ನು ಆಚರಿಸುತ್ತದೆ. ಜಿನೀವಾದ ಧರ್ಮಾಧ್ಯಕ್ಷರಾಗಿ, ಧರ್ಮಸಭೆಯ ಪಂಡಿತರಾಗಿ, ಕಥೋಲಿಕ ಬರಹಗಾರರ ಮತ್ತು ಪತ್ರಕರ್ತರ ಪಾಲಕ ಸಂತರಾಗಿ ಅವರ ಹೆಸರು ನಮಗೆ ಪರಿಚಿತ. ಆದರೆ ಅವರು ಯಾರಿಗಾಗಿ ಬರೆದರು, ಯಾಕೆ ಬರೆದರು ಎಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಅವರ ಬರಹಗಳಲ್ಲಿ ಬಹಳಷ್ಟು ಪುಸ್ತಕವಾಗಲಿ ಎಂದು ಬರೆದವುಗಳಲ್ಲ. ಗಂಡನನ್ನು ಕಳೆದುಕೊಂಡ ವಿಧವೆಗೆ, ಪ್ರಾರ್ಥಿಸಲಾಗದೆ ಸಂಕಟಪಡುತ್ತಿದ್ದ ಗರ್ಭಿಣಿಗೆ, ಮನೆಗೆಲಸದ ನಡುವೆ ದೇವರನ್ನು ಹುಡುಕುತ್ತಿದ್ದ ಗೃಹಿಣಿಗೆ ಒಂದೊಂದಾಗಿ ಬರೆದ ಪತ್ರಗಳೇ ಅವು. ಧರ್ಮಾಧ್ಯಕ್ಷರ ಎಲ್ಲ ಕೆಲಸಗಳ ನಡುವೆ ಅವರು ಲೇಖನಿ ಹಿಡಿದದ್ದು ಎದೆಗುಂದಿದ ಒಂದು ಜೀವವನ್ನು ಎತ್ತಿ ನಿಲ್ಲಿಸಲು. ಈ ಸಂತರ ಬಾಳನ್ನು ಆ ದೃಷ್ಟಿಯಿಂದ ಇಲ್ಲಿ ನೆನೆಯೋಣ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಫ್ರಾನ್ಸಿಸರು 1567ರ ಆಗಸ್ಟ್ 21ರಂದು ಸವೊಯ್ ಸಂಸ್ಥಾನದ ತೊರೆನ್ಸ್ ಎಂಬಲ್ಲಿ, ಸಾಲ್ಸ್ ಮನೆತನದ ಕೋಟೆಮನೆಯಲ್ಲಿ ಜನಿಸಿದರು. ಆಲ್ಪ್ಸ್ ಪರ್ವತಗಳ ನಡುವಿನ ಆ ಪ್ರದೇಶ ಈಗ ಫ್ರಾನ್ಸ್ ದೇಶಕ್ಕೆ ಸೇರಿದೆ. ಕುಲೀನ ಮನೆತನ, ಅನುಕೂಲಸ್ಥ ಕುಟುಂಬ. ಹಿರಿಯ ಮಗ ಓದಿ ನ್ಯಾಯವಾದಿಯಾಗಬೇಕು, ಸಂಸ್ಥಾನದಲ್ಲಿ ದೊಡ್ಡ ಹುದ್ದೆಗೇರಬೇಕು, ಮನೆತನದ ಹೆಸರನ್ನು ಉಳಿಸಬೇಕು ಎಂಬುದು ತಂದೆಯ ಆಸೆಯಾಗಿತ್ತು.

ಹತ್ತಿರದ ಲಾ ರೋಶ್ ಮತ್ತು ಅನ್ಸಿ ಪಟ್ಟಣಗಳಲ್ಲಿ ಓದಿದ ಬಳಿಕ ಬಾಲಕ ಫ್ರಾನ್ಸಿಸನನ್ನು ಪ್ಯಾರಿಸಿನಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಕ್ಲೆರ್ಮೋ ಕಾಲೇಜಿಗೆ ಕಳುಹಿಸಲಾಯಿತು. ಅಲ್ಲಿ ಸಾಹಿತ್ಯ ಮತ್ತು ತತ್ವಶಾಸ್ತ್ರವನ್ನು ಕಲಿತರು. ಕುಲೀನರ ಮಕ್ಕಳು ಕಲಿಯಬೇಕಾಗಿದ್ದ ಕುದುರೆ ಸವಾರಿ, ಕತ್ತಿವರಸೆಗಳನ್ನೂ ಕಲಿತರು. ತಂದೆಯ ಇಚ್ಛೆಗೆ ಇಷ್ಟು ಸಾಕಾಗಿತ್ತು. ಆದರೆ ತರುಣನ ಮನಸ್ಸು ಸದ್ದಿಲ್ಲದೆ ದೈವಶಾಸ್ತ್ರದ ಕಡೆಗೆ ವಾಲುತ್ತಿತ್ತು.

ನಿರಾಶೆಯ ಕತ್ತಲು

ಅವರು 19 ವರ್ಷದವರಿದ್ದಾಗ, 1586ರ ಕೊನೆಯಲ್ಲಿ, ಅವರ ಮೇಲೆ ಒಂದು ಭಾರೀ ಸಂಕಟ ಎರಗಿತು. ರಕ್ಷಣೆ ಹೊಂದುವವರು ಯಾರು, ನಾಶವಾಗುವವರು ಯಾರು ಎಂಬುದನ್ನು ದೇವರು ಮೊದಲೇ ನಿರ್ಧರಿಸಿದ್ದಾರೆಯೇ ಎಂಬ ಚರ್ಚೆ ಆ ಕಾಲದ ವಿದ್ಯಾಪೀಠಗಳಲ್ಲಿ ಬಿಸಿಯಾಗಿ ನಡೆಯುತ್ತಿತ್ತು. ಬೇರೆಯವರಿಗೆ ಅದು ವಾದದ ವಿಷಯವಾಗಿದ್ದರೆ ಫ್ರಾನ್ಸಿಸರಿಗೆ ಜೀವದ ಪ್ರಶ್ನೆಯಾಯಿತು. ತಾನು ದೇವರಿಂದ ತಿರಸ್ಕೃತನಾದವನು, ತನಗೆ ಸ್ವರ್ಗವಿಲ್ಲ ಎಂಬ ಯೋಚನೆ ಅವರನ್ನು ಕಚ್ಚಿ ಹಿಡಿಯಿತು. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ, ದೇಹ ಸೊರಗಿತು. ಸುಮಾರು ಆರು ವಾರಗಳ ಕಾಲ ಈ ಕತ್ತಲು ಮುಂದುವರಿಯಿತು.

1587ರ ಜನವರಿಯಲ್ಲಿ ಒಂದು ದಿನ ಅವರು ಪ್ಯಾರಿಸಿನ ಸಂತ ಸ್ತೇಫನರ ದೇವಾಲಯವೊಂದಕ್ಕೆ ಹೋಗಿ ಮಾತೆ ಮರಿಯಮ್ಮನವರ ಸ್ವರೂಪದ ಮುಂದೆ ಮೊಣಕಾಲೂರಿದರು. ಮುಂದಿನ ಲೋಕದಲ್ಲಿ ತನ್ನ ಗತಿ ಏನೇ ಆಗಲಿ, ಈ ಲೋಕದಲ್ಲಿ ಉಸಿರಿರುವ ತನಕ ದೇವರನ್ನು ಪ್ರೀತಿಸಿಯೇ ತೀರುತ್ತೇನೆ ಎಂದು ತನ್ನನ್ನು ಸಂಪೂರ್ಣವಾಗಿ ದೇವರಿಗೆ ಒಪ್ಪಿಸಿಕೊಂಡರು. ಮಾತೆ ಮರಿಯಮ್ಮನವರ ಸಹಾಯ ಕೋರುವ ಪುರಾತನ ಪ್ರಾರ್ಥನೆಯನ್ನು ಅಲ್ಲಿ ಹೇಳಿದರು. ಎದ್ದು ನಿಂತಾಗ ಮನಸ್ಸಿನ ಭಾರ ಇಳಿದಿತ್ತು. ಪ್ರತಿದಿನ ಜಪಸರ ಪ್ರಾರ್ಥಿಸುವ ಹರಕೆಯನ್ನು ಅವರು ಯೌವನದಲ್ಲಿಯೇ ಹೊತ್ತು, ಬದುಕಿನುದ್ದಕ್ಕೂ ಪಾಲಿಸಿದರು.

ಈ ಘಟನೆಯನ್ನು ನಾವು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅವರು ಬರೆದ ಪತ್ರಗಳಲ್ಲಿ ಎದೆಗುಂದಬೇಡಿ ಎಂಬ ಮಾತು ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ. ನಿರಾಶೆ ಎಂದರೇನೆಂದು ಅನುಭವಿಸಿ ತಿಳಿದವರು ಅವರು. ಅದರಿಂದ ಹೊರಬರಲು ವಾದ ಸಾಲದು, ದೇವರ ಪ್ರೀತಿಯಲ್ಲಿ ಭರವಸೆ ಬೇಕು ಎಂಬುದನ್ನೂ ಅವರು ಅಲ್ಲಿಯೇ ಕಲಿತರು.

ಗುರುದೀಕ್ಷೆ

ಪ್ಯಾರಿಸಿನಿಂದ ಅವರು ಇಟಲಿಯ ಪಾದುವಾ ವಿಶ್ವವಿದ್ಯಾಲಯಕ್ಕೆ ಹೋಗಿ 1591ರಲ್ಲಿ ನಾಗರಿಕ ಕಾನೂನು ಮತ್ತು ಧರ್ಮಸಭೆಯ ಕಾನೂನುಗಳೆರಡರಲ್ಲೂ ಡಾಕ್ಟರೇಟ್ ಪದವಿ ಪಡೆದರು. ಊರಿಗೆ ಮರಳಿದಾಗ ತಂದೆ ಮಗನಿಗಾಗಿ ಹೆಣ್ಣನ್ನೂ ನೋಡಿಟ್ಟಿದ್ದರು. ಗುರುವಾಗುತ್ತೇನೆ ಎಂಬ ಮಗನ ಮಾತು ಅವರಿಗೆ ಸಿಡಿಲಿನಂತೆ ಬಡಿಯಿತು. ಬಂಧುವಾಗಿದ್ದ ಗುರು ಲೂಯಿ ದೆ ಸಾಲ್ಸ್‌ರವರ ಪ್ರಯತ್ನದಿಂದ ಫ್ರಾನ್ಸಿಸರಿಗೆ ಜಿನೀವಾ ಧರ್ಮಪ್ರಾಂತ್ಯದ ಗುರುಮಂಡಳಿಯ ಮುಖ್ಯಸ್ಥನ ಸ್ಥಾನ ದೊರೆತಾಗ ತಂದೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಹಿರಿಯ ಮಗನಿಗೆ ಸೇರಬೇಕಿದ್ದ ಹಕ್ಕು ಬಿರುದುಗಳನ್ನು ಬಿಟ್ಟುಕೊಟ್ಟು ಫ್ರಾನ್ಸಿಸರು 1593ರ ಡಿಸೆಂಬರ್ 18ರಂದು ಗುರುದೀಕ್ಷೆ ಪಡೆದರು.

ಆಗ ಜಿನೀವಾ ನಗರವು ಕ್ಯಾಲ್ವಿನರ ಅನುಯಾಯಿಗಳ ಕೇಂದ್ರವಾಗಿತ್ತು. ಅಲ್ಲಿ ಕಥೋಲಿಕ ಧರ್ಮಾಧ್ಯಕ್ಷರು ನೆಲೆಸಲು ಸಾಧ್ಯವಿರಲಿಲ್ಲ. ಅವರು ಅನ್ಸಿ ಪಟ್ಟಣದಲ್ಲಿದ್ದುಕೊಂಡೇ ಧರ್ಮಪ್ರಾಂತ್ಯವನ್ನು ನಡೆಸುತ್ತಿದ್ದರು. ಫ್ರಾನ್ಸಿಸರ ಗುರುಜೀವನ ಆರಂಭವಾದದ್ದು ಇಂಥ ಕಷ್ಟಕಾಲದಲ್ಲಿ.

ಕೇಳುವವರಿಲ್ಲದಾಗ ಬರೆದರು

ಜಿನೀವಾ ಸರೋವರದ ದಕ್ಷಿಣಕ್ಕಿರುವ ಶಾಬ್ಲೆ ಪ್ರದೇಶ 1536ರಲ್ಲಿ ಬರ್ನ್ ಸೈನ್ಯದ ವಶವಾದಂದಿನಿಂದ ಅಲ್ಲಿ ಕಥೋಲಿಕ ಆರಾಧನೆ ನಿಂತುಹೋಗಿತ್ತು. ಅದು ಮತ್ತೆ ಸವೊಯ್ ಸಂಸ್ಥಾನಕ್ಕೆ ಸೇರಿದ ಮೇಲೂ ಅಲ್ಲಿನ ಜನ ಬಹುತೇಕ ಪ್ರಾಟೆಸ್ಟಂಟರೇ ಆಗಿದ್ದರು. ಅಲ್ಲಿಗೆ ಹೋಗಲು ಗುರುಗಳು ಹಿಂಜರಿಯುತ್ತಿದ್ದಾಗ ಫ್ರಾನ್ಸಿಸರು ಮುಂದೆ ಬಂದರು. ತಂದೆಯ ವಿರೋಧವನ್ನು ಲೆಕ್ಕಿಸದೆ, ಬಂಧುವಾದ ಗುರು ಲೂಯಿಯವರೊಂದಿಗೆ 1594ರ ಸೆಪ್ಟೆಂಬರ್ 14ರಂದು, ಪವಿತ್ರ ಶಿಲುಬೆಯ ಹಬ್ಬದಂದು, ಕಾಲ್ನಡಿಗೆಯಲ್ಲಿ ಆ ಪ್ರದೇಶ ಪ್ರವೇಶಿಸಿದರು.

ರಾತ್ರಿ ತಂಗುತ್ತಿದ್ದದ್ದು ಅಲ್ಲಾಂಜ್ ಬೆಟ್ಟದ ಕೋಟೆಯಲ್ಲಿ. ಬೆಳಗ್ಗೆ ಬೆಟ್ಟ ಇಳಿದು ತೊನೊನ್ ಪಟ್ಟಣಕ್ಕೆ ನಡೆದು ಹೋಗಬೇಕು, ಸಂಜೆ ಮತ್ತೆ ಬೆಟ್ಟ ಹತ್ತಬೇಕು. ಚಳಿಗಾಲದ ಹಿಮದಲ್ಲಿ ಅವರ ಕಾಲುಗಳು ಬಿರಿದು ರಕ್ತ ಸುರಿದದ್ದೂ, ತೋಳಗಳಿಗೆ ಹೆದರಿ ಒಂದು ರಾತ್ರಿ ಮರದ ಮೇಲೆ ಕಳೆದದ್ದೂ ಅವರ ಜೀವನ ಚರಿತ್ರೆಗಳಲ್ಲಿ ಬರುತ್ತವೆ. ಇಷ್ಟಾದರೂ ಪ್ರಬೋಧನೆ ಕೇಳಲು ಬರುತ್ತಿದ್ದವರು ಬೆರಳೆಣಿಕೆಯ ಮಂದಿ. ಆಸಕ್ತಿ ಇದ್ದವರಿಗೂ ಅಕ್ಕಪಕ್ಕದವರ ಭಯ. ಗುರುವಿನ ಜೊತೆ ಕಾಣಿಸಿಕೊಂಡರೆ ತೊಂದರೆ ತಪ್ಪಿದ್ದಲ್ಲ ಎಂಬ ಅಂಜಿಕೆ.

ಇಂಥ ಸ್ಥಿತಿಯಲ್ಲಿ ಅವರು ಕೈಬಿಡಲಿಲ್ಲ. ಬೈಯಲೂ ಇಲ್ಲ. 1595ರ ಆರಂಭದಿಂದ ತಮ್ಮ ಪ್ರಬೋಧನೆಯ ವಿಷಯಗಳನ್ನು ಬಿಡಿ ಹಾಳೆಗಳಲ್ಲಿ ಬರೆಯತೊಡಗಿದರು. ಅವುಗಳ ಪ್ರತಿಗಳನ್ನು ಮಾಡಿಸಿ ಮನೆಮನೆಗೆ ತಲುಪಿಸಿದರು. ಬಾಗಿಲ ಸಂದಿಯಲ್ಲಿ ತೂರಿಸಿದರು, ಜನ ಸೇರುವಲ್ಲಿ ಅಂಟಿಸಿದರು ಎಂದೂ ಹೇಳಲಾಗುತ್ತದೆ. ದೇವಾಲಯಕ್ಕೆ ಬರಲು ಹೆದರುತ್ತಿದ್ದವರು ಮನೆಯೊಳಗೆ ಕುಳಿತು ಓದಿದರು. ವಿಶ್ವಾಸದ ಸತ್ಯಗಳನ್ನು ಸರಳವಾಗಿ, ಪವಿತ್ರ ಗ್ರಂಥದ ಆಧಾರದಿಂದ, ಕೆಲವೊಮ್ಮೆ ಲಘು ಹಾಸ್ಯದೊಂದಿಗೆ ವಿವರಿಸಿದ ಹಾಳೆಗಳು ಅವು. ಅವುಗಳನ್ನು ಒಟ್ಟುಗೂಡಿಸಿ ಗ್ರಂಥವಾಗಿ ಪ್ರಕಟಿಸಿದ್ದು ಅವರು ಮರಣ ಹೊಂದಿ 50 ವರ್ಷಗಳಾದ ಮೇಲೆ, 1672ರಲ್ಲಿ.

1596ರ ಕ್ರಿಸ್ಮಸ್ ರಾತ್ರಿ ತೊನೊನ್‌ನ ಸಂತ ಹಿಪ್ಪೊಲಿತರ ದೇವಾಲಯದಲ್ಲಿ ಅವರು ಬಲಿಪೂಜೆ ಅರ್ಪಿಸಿದರು. ಹಲವು ದಶಕಗಳ ಬಳಿಕ ಅಲ್ಲಿ ಬಲಿಪೂಜೆ ನಡೆದದ್ದು ಅಂದೇ. 1598ರಲ್ಲಿ ತೊನೊನ್‌ನಲ್ಲಿ ನಡೆದ 40 ತಾಸುಗಳ ಪರಮಪ್ರಸಾದ ಆರಾಧನೆಯ ಹೊತ್ತಿಗೆ ಆ ಪ್ರದೇಶದ ಬಹುಪಾಲು ಜನ ಕಥೋಲಿಕ ಧರ್ಮಸಭೆಗೆ ಮರಳಿದ್ದರು. ಇದರಲ್ಲಿ ಸಂಸ್ಥಾನದ ಅರಸರ ಅಧಿಕಾರದ ಒತ್ತಡವೂ ಸೇರಿತ್ತು ಎಂಬುದನ್ನು ಚರಿತ್ರೆ ಮರೆಮಾಡುವುದಿಲ್ಲ. ಕ್ರೈಸ್ತ ಪಂಗಡಗಳು ಪರಸ್ಪರ ಸಹೋದರರಂತೆ ಕಾಣುವ ಇಂದಿನ ಕಾಲಕ್ಕೆ ಅಂದಿನ ರಾಜಕೀಯ ಮಾದರಿಯಲ್ಲ. ಆದರೆ ಬಾಗಿಲು ಮುಚ್ಚಿಕೊಂಡವರ ಮೇಲೆ ಸಿಟ್ಟಾಗದೆ, ಅವರಿಗಾಗಿ ಪ್ರಾರ್ಥಿಸಿ, ಅವರ ಬಾಗಿಲಿಗೆ ಒಂದು ಹಾಳೆ ಬರೆದು ಕಳುಹಿಸಿದ ಆ ತರುಣ ಗುರುವಿನ ತಾಳ್ಮೆ ಎಲ್ಲ ಕಾಲಕ್ಕೂ ಮಾದರಿ.

ಬಡ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷ

1602ರಲ್ಲಿ ಧರ್ಮಪ್ರಾಂತ್ಯದ ಕೆಲಸದ ಮೇಲೆ ಅವರು ಪ್ಯಾರಿಸಿಗೆ ಹೋದಾಗ ಅವರ ಪ್ರಬೋಧನೆಗೆ ಅರಮನೆಯವರೂ ಮನಸೋತರು. ಅರಸ ನಾಲ್ಕನೇ ಹೆನ್ರಿ ಅವರನ್ನು ಫ್ರಾನ್ಸಿನಲ್ಲಿಯೇ ಉಳಿಸಿಕೊಳ್ಳಲು ಬಯಸಿ ಶ್ರೀಮಂತ ಧರ್ಮಪ್ರಾಂತ್ಯವೊಂದರ ಆಸೆ ತೋರಿಸಿದರು. ತಮ್ಮ ಬಡ ಧರ್ಮಪ್ರಾಂತ್ಯವನ್ನು ಬಡ ಹೆಂಡತಿಗೆ ಹೋಲಿಸಿದ ಫ್ರಾನ್ಸಿಸರು, ಅವಳನ್ನು ಬಿಟ್ಟು ಸಿರಿವಂತೆಯ ಹಿಂದೆ ಹೋಗುವುದು ಸರಿಯಲ್ಲ ಎಂಬರ್ಥದಲ್ಲಿ ವಿನಯದಿಂದ ನಿರಾಕರಿಸಿದರು. ಅದೇ ವರ್ಷ ಡಿಸೆಂಬರ್ 8ರಂದು ಹುಟ್ಟೂರಿನ ದೇವಾಲಯದಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾಯಿತು.

ಗುಡ್ಡಗಾಡಿನ ಧರ್ಮಕೇಂದ್ರಗಳನ್ನು ಅವರು ಕುದುರೆಯೇರಿಯೂ ಕಾಲ್ನಡಿಗೆಯಲ್ಲಿಯೂ ಸಂದರ್ಶಿಸಿದರು. ಅನ್ಸಿಯಲ್ಲಿದ್ದಾಗ ಮಕ್ಕಳಿಗೆ ಧರ್ಮೋಪದೇಶವನ್ನು ತಾವೇ ಕಲಿಸುತ್ತಿದ್ದರು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಮಾರ್ಟಿನ್ ಎಂಬ ಬಡ ಯುವಕನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು, ಕೈಸನ್ನೆಗಳ ಮೂಲಕ ತಾಳ್ಮೆಯಿಂದ ವಿಶ್ವಾಸದ ಪಾಠ ಕಲಿಸಿ ಪರಮಪ್ರಸಾದ ಸ್ವೀಕರಿಸಲು ಸಿದ್ಧಗೊಳಿಸಿದರು. ಈ ಕಾರಣದಿಂದ ಕಿವುಡರು ಅವರನ್ನು ತಮ್ಮ ಪಾಲಕ ಸಂತರಾಗಿ ಗೌರವಿಸುತ್ತಾರೆ. ಎದುರಿಗಿರುವವನಿಗೆ ಅರ್ಥವಾಗುವ ಭಾಷೆಯಲ್ಲಿ ಮಾತಾಡುವುದು ಅವರ ರೂಢಿ. ಅವರ ಪತ್ರಗಳಲ್ಲಿಯೂ ಕಾಣುವುದು ಇದೇ ಗುಣ.

ವಿಧವೆಯೊಬ್ಬಳ ಕಣ್ಣೀರು

1604ರ ತಪಸ್ಸುಕಾಲದಲ್ಲಿ ಫ್ರಾನ್ಸಿಸರು ದಿಜೋನ್ ನಗರದಲ್ಲಿ ಪ್ರಬೋಧನೆ ನೀಡುತ್ತಿದ್ದರು. ಕೇಳುಗರಲ್ಲಿ ಜೇನ್ ದೆ ಶಾಂತಾಲ್ ಎಂಬ ವಿಧವೆಯೂ ಇದ್ದರು. ಮೂರು ವರ್ಷಗಳ ಹಿಂದೆ, 1601ರಲ್ಲಿ, ಬೇಟೆಗೆ ಹೋಗಿದ್ದ ಅವರ ಪತಿ ಜೊತೆಗಾರನ ಗುಂಡು ತಪ್ಪಿ ತಗುಲಿ ತೀರಿಕೊಂಡಿದ್ದರು. ನಾಲ್ಕು ಪುಟ್ಟ ಮಕ್ಕಳು. ಮುಂಗೋಪಿಯಾದ ಮಾವನ ಮನೆಯಲ್ಲಿ ವಾಸ. ಆ ಮನೆಯಲ್ಲಿ ಕೆಲಸದಾಕೆಯೊಬ್ಬಳದ್ದೇ ದರ್ಬಾರು. ಪತಿಯ ಸಾವಿಗೆ ಕಾರಣನಾದವನನ್ನು ಮನಸಾರೆ ಕ್ಷಮಿಸಲು ಆಗದ ನೋವು. ಸಾಲದ್ದಕ್ಕೆ ವಿಶ್ವಾಸದ ವಿಷಯದಲ್ಲಿ ಮನಸ್ಸಿಗೆ ಬರುತ್ತಿದ್ದ ಸಂದೇಹಗಳು. ಹಿಂದಿನ ಆತ್ಮಿಕ ಗುರುವೊಬ್ಬರು ಕಟ್ಟುನಿಟ್ಟಿನ ಪ್ರಾರ್ಥನೆ, ಉಪವಾಸ, ಹರಕೆಗಳನ್ನು ಹೊರಿಸಿ ಅವರನ್ನು ಇನ್ನಷ್ಟು ಕಂಗೆಡಿಸಿದ್ದರು.

ಫ್ರಾನ್ಸಿಸರು ಊರಿಗೆ ಮರಳಿದ ಬಳಿಕ ಪತ್ರಗಳ ಮೂಲಕ ಅವರಿಗೆ ಮಾರ್ಗದರ್ಶನ ನೀಡತೊಡಗಿದರು. ಸಂದೇಹಗಳೊಂದಿಗೆ ವಾದಕ್ಕೆ ಇಳಿಯದೆ ದೇವರ ಕಡೆಗೆ ಮುಖ ತಿರುಗಿಸುವಂತೆ ಹೇಳಿದರು. ಎಲ್ಲವನ್ನೂ ಪ್ರೀತಿಯಿಂದ ಮಾಡಬೇಕು, ಬಲವಂತದಿಂದಲ್ಲ ಎಂದು ತಿಳಿಹೇಳಿದರು. ಪ್ರಾರ್ಥನೆಯ ಹೊತ್ತಿಗೆ ಮಕ್ಕಳೋ ಮನೆಯವರೋ ಕರೆದರೆ ಕಿರಿಕಿರಿಪಡದೆ ಎದ್ದು ಹೋಗಲು ಕಲಿಸಿದರು. ಪತಿಯ ಸಾವಿಗೆ ಕಾರಣನಾದವನನ್ನು ತಾವಾಗಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಆದರೆ ಆತ ಎದುರಾದರೆ ಮೃದುವಾದ ಮನಸ್ಸಿನಿಂದ ಕಾಣಬೇಕು ಎಂಬುದು ಅವರ ಸಲಹೆಯಾಗಿತ್ತು. ಕಾಲಕ್ರಮದಲ್ಲಿ ಜೇನ್‌ರವರು ಆತನ ಮಗುವಿಗೆ ಜ್ಞಾನಸ್ನಾನದ ತಾಯಿಯಾಗುವಷ್ಟರ ಮಟ್ಟಿಗೆ ಕ್ಷಮಿಸಿದರು. ಮೊದಲಿನ ಗುರುವಿನ ಕಾಲದಲ್ಲಿ ಯಜಮಾನಿಯ ಪ್ರಾರ್ಥನೆಯಿಂದ ಮನೆಮಂದಿಗೆಲ್ಲ ತೊಂದರೆಯಾಗುತ್ತಿತ್ತು, ಈಗ ಆಕೆ ಇಡೀ ದಿನ ಪ್ರಾರ್ಥಿಸುತ್ತಾಳೆ, ಯಾರಿಗೂ ತೊಂದರೆಯಿಲ್ಲ ಎಂದು ಮನೆಯ ಆಳುಗಳು ಹೇಳುತ್ತಿದ್ದರಂತೆ.

1607ರಲ್ಲಿ ಫ್ರಾನ್ಸಿಸರ ಕಿರಿಯ ತಂಗಿ, ಇನ್ನೂ ಹದಿಹರೆಯದ ಹುಡುಗಿ, ಜೇನ್‌ರವರ ಮನೆಯಲ್ಲಿದ್ದಾಗ ಜ್ವರದಿಂದ ತೀರಿಕೊಂಡಳು. ಹುಡುಗಿಯ ಬದಲು ತನ್ನ ಪ್ರಾಣವನ್ನು ತೆಗೆದುಕೊಳ್ಳುವಂತೆ ಜೇನ್ ದೇವರಲ್ಲಿ ಮೊರೆಯಿಟ್ಟಿದ್ದರು. ಸುದ್ದಿ ತಿಳಿದ ಅಣ್ಣನೇ ಪತ್ರ ಬರೆದು ಜೇನ್‌ರವರನ್ನು ಸಂತೈಸಿದರು. ತಾವೂ ಅತ್ತಿದ್ದೇವೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಅಳುವುದು ವಿಶ್ವಾಸದ ಕೊರತೆಯಲ್ಲ, ಅಳುತ್ತಲೇ ದೇವರ ಚಿತ್ತಕ್ಕೆ ಒಪ್ಪಿಸಿಕೊಳ್ಳಬಹುದು ಎಂಬ ಭಾವ ಆ ಪತ್ರದಲ್ಲಿದೆ. ಸಾಂತ್ವನ ಹೇಳುವವರು ನೋವಿಲ್ಲದವರಂತೆ ನಟಿಸಬೇಕಾಗಿಲ್ಲ ಎಂಬುದನ್ನು ಇದರಿಂದ ನಾವು ಕಲಿಯಬಹುದು.

ಇವರಿಬ್ಬರ ಆತ್ಮಿಕ ಸ್ನೇಹದ ಫಲವಾಗಿ 1610ರ ಜೂನ್ 6ರಂದು ಅನ್ಸಿಯಲ್ಲಿ ಮಾತೆ ಮರಿಯಮ್ಮನವರ ಸಂದರ್ಶನದ ಹೆಸರಿನ ಧರ್ಮಭಗಿನಿಯರ ಸಭೆ ಆರಂಭವಾಯಿತು. ಆರೋಗ್ಯ ಸರಿಯಿಲ್ಲದವರಿಗೆ, ವಯಸ್ಸಾದವರಿಗೆ, ವಿಧವೆಯರಿಗೆ ಬೇರೆ ಮಠಗಳ ಕಠಿಣ ನಿಯಮ ಸಾಧ್ಯವಾಗುತ್ತಿರಲಿಲ್ಲ. ಅಂಥವರಿಗೂ ಈ ಸಭೆಯ ಬಾಗಿಲು ತೆರೆದಿತ್ತು.

ಗೃಹಿಣಿಯ ಪತ್ರಗಳಿಂದ ಮೂಡಿದ ಪುಸ್ತಕ

ಫ್ರಾನ್ಸಿಸರ ಅತ್ಯಂತ ಪ್ರಸಿದ್ಧ ಕೃತಿ ಭಕ್ತಿಜೀವನಕ್ಕೆ ಪ್ರವೇಶಿಕೆ. ಇದು ಹುಟ್ಟಿದ್ದೂ ಪತ್ರಗಳಿಂದಲೇ. ಅವರ ಬಂಧುವೊಬ್ಬರ ಪತ್ನಿಯಾದ ಶ್ರೀಮತಿ ದೆ ಶಾರ್ಮೊಯ್ಸಿ ಅರಮನೆಯ ಓಡಾಟ, ಸಂಸಾರದ ಜವಾಬ್ದಾರಿಗಳ ನಡುವೆ ಭಕ್ತಿಯಿಂದ ಬದುಕುವುದು ಹೇಗೆ ಎಂದು ಕೇಳಿದಾಗ ಫ್ರಾನ್ಸಿಸರು ಸಣ್ಣ ಸಣ್ಣ ಟಿಪ್ಪಣಿಗಳನ್ನು ಬರೆದುಕೊಟ್ಟರು. ಆಕೆ ಅವುಗಳನ್ನು ಯೇಸುಸಭೆಯ ಗುರುವೊಬ್ಬರಿಗೆ ತೋರಿಸಿದರು. ಓದಿ ಮೆಚ್ಚಿದ ಆ ಗುರು ಇವು ಎಲ್ಲರಿಗೂ ದೊರೆಯಬೇಕು, ಅಚ್ಚಾಗಲೇಬೇಕು ಎಂದು ಒತ್ತಾಯಿಸಿದರು. 1609ರಲ್ಲಿ ಪುಸ್ತಕ ಹೊರಬಂತು. ದೇವರನ್ನು ಪ್ರೀತಿಸುವವಳು ಎಂಬರ್ಥದ ಫಿಲೋಥಿಯಾ ಎಂಬ ಹೆಸರಿನಿಂದ ಅದರಲ್ಲಿ ಓದುಗರನ್ನು ಸಂಬೋಧಿಸಿದ್ದಾರೆ. ಲೇಖಕರು ಬದುಕಿರುವಾಗಲೇ ಅದು ಹಲವು ಭಾಷೆಗಳಿಗೆ ಅನುವಾದಗೊಂಡಿತು.

ಪವಿತ್ರತೆ ಎಂದರೆ ಮಠದೊಳಗಿನವರ ಸೊತ್ತು ಎಂದು ಜನ ಭಾವಿಸಿದ್ದ ಕಾಲ ಅದು. ಸೈನಿಕನಿಗೆ, ಕುಶಲಕರ್ಮಿಗೆ, ಅರಮನೆಯವರಿಗೆ, ಮದುವೆಯಾದವರಿಗೆ ಭಕ್ತಿಜೀವನ ಸಾಧ್ಯವಿಲ್ಲವೆನ್ನುವುದು ದೊಡ್ಡ ತಪ್ಪು ಎಂದು ಫ್ರಾನ್ಸಿಸರು ಸಾರಿದರು. ಆದರೆ ಎಲ್ಲರ ಭಕ್ತಿಯೂ ಒಂದೇ ತೆರನಾಗಿರಬೇಕಿಲ್ಲ. ಧರ್ಮಾಧ್ಯಕ್ಷನು ಸನ್ಯಾಸಿಯಂತೆ ಏಕಾಂತದಲ್ಲಿ ಇರಲಾಗದು, ಸಂಸಾರಸ್ಥನು ಮಠವಾಸಿಯಂತೆ ಹಣ ಕೂಡಿಡದೆ ಇರಲಾಗದು, ಕೂಲಿಗಾರನು ಇಡೀ ದಿನ ದೇವಾಲಯದಲ್ಲಿ ಕೂರಲಾಗದು. ಅವರವರ ಕರ್ತವ್ಯವನ್ನು ಕೆಡಿಸದೆ ಅದನ್ನು ಇನ್ನಷ್ಟು ಚೆನ್ನಾಗಿ ಮಾಡಿಸುವುದೇ ನಿಜವಾದ ಭಕ್ತಿ. ಸುಮಾರು ಮೂರೂವರೆ ಶತಮಾನಗಳ ಬಳಿಕ ಎರಡನೇ ವ್ಯಾಟಿಕನ್ ಮಹಾಸಭೆಯು ಪವಿತ್ರತೆಗೆ ಎಲ್ಲರೂ ಕರೆಯಲ್ಪಟ್ಟಿದ್ದಾರೆ ಎಂದು ಬೋಧಿಸಿದಾಗ ಈ ಸಂತರ ಮಾತು ಇಡೀ ಧರ್ಮಸಭೆಯ ಮಾತಾಯಿತು.

ಇದನ್ನು ಅವರು ಪತ್ರಗಳಲ್ಲಿ ಬಹಳ ವಿವರವಾಗಿ ಕಲಿಸಿದರು. ದಿಜೋನ್‌ನ ನ್ಯಾಯಾಧಿಪತಿಯ ಪತ್ನಿಗೆ ಬರೆಯುತ್ತಾ, ದೇವಾಲಯದಲ್ಲಿಯೇ ಹೆಚ್ಚು ಹೊತ್ತು ಕಳೆದು ಮನೆಯವರು ಬೇಸರಪಡುವಂತೆ ಮಾಡಬಾರದು, ಪತಿಗೂ ತಂದೆಗೂ ಇಷ್ಟವಾಗುವಂತೆ ಭಕ್ತಿಯನ್ನು ಆಚರಿಸಬೇಕು ಎಂದು ಎಚ್ಚರಿಸಿದರು. ಗರ್ಭಿಣಿಯಾಗಿದ್ದಾಗ ಪ್ರಾರ್ಥನೆಯಲ್ಲಿ ಉತ್ಸಾಹವಿಲ್ಲವೆಂದು ಕೊರಗಿದ ಮಹಿಳೆಗೆ, ದೇಹ ದಣಿದಾಗ ಮನಸ್ಸೂ ದಣಿಯುವುದು ಸಹಜ, ತನ್ನನ್ನು ತಾನು ಹಿಂಸಿಸಿಕೊಳ್ಳದೆ ಆ ದಣಿವನ್ನೇ ದೇವರಿಗೆ ಅರ್ಪಿಸಬಹುದು ಎಂದು ಸಮಾಧಾನ ಹೇಳಿದರು. ನಾಲ್ಕು ಶತಮಾನಗಳ ಹಿಂದೆ ಒಬ್ಬ ಧರ್ಮಾಧ್ಯಕ್ಷರು ಗರ್ಭಿಣಿಯ ಆಯಾಸವನ್ನು ಅರ್ಥಮಾಡಿಕೊಂಡು ಉತ್ತರ ಬರೆದರು ಎಂಬುದನ್ನು ಓದುವಾಗ ಅವರ ಮೇಲೆ ಗೌರವ ಹೆಚ್ಚುತ್ತದೆ.

ಅವರು ಬರೆದ ಪತ್ರಗಳಲ್ಲಿ ಸುಮಾರು 2000 ನಮಗೆ ಉಳಿದಿವೆ. ಅವರ ಸಮಗ್ರ ಕೃತಿಗಳ ಅನ್ಸಿ ಆವೃತ್ತಿಯಲ್ಲಿ ಪತ್ರಗಳೇ 11 ಸಂಪುಟಗಳನ್ನು ತುಂಬಿವೆ. ಹನ್ನೆರಡು ಭಾಗಗಳ ದೊಡ್ಡ ಗ್ರಂಥವಾದ ದೇವಪ್ರೀತಿಯ ಕುರಿತ ಪ್ರಬಂಧವನ್ನು ಅವರು 1616ರಲ್ಲಿ ಪ್ರಕಟಿಸಿದರು. ಅಂಥ ಗ್ರಂಥ ರಚಿಸುತ್ತಿದ್ದ ಕಾಲದಲ್ಲಿಯೂ ಪತ್ರಗಳಿಗೆ ಉತ್ತರಿಸುವುದನ್ನು ಅವರು ನಿಲ್ಲಿಸಲಿಲ್ಲ.

ಪ್ರಾರ್ಥನೆಯೇ ಮೂಲ

ಇಷ್ಟೊಂದು ಜನರಿಗೆ ಕೊಡಲು ಅವರಿಗೆ ಎಲ್ಲಿಂದ ಸಿಗುತ್ತಿತ್ತು? ಉತ್ತರ ಅವರ ಪ್ರಾರ್ಥನೆಯಲ್ಲಿದೆ. ದಿನದ ಬಲಿಪೂಜೆ, ಧ್ಯಾನ ಮತ್ತು ಜಪಸರ ಅವರ ಬಾಳಿನ ಆಧಾರವಾಗಿದ್ದವು. ಹುಟ್ಟಿನಿಂದ ಅವರು ಶಾಂತ ಸ್ವಭಾವದವರಲ್ಲ, ಬೇಗನೆ ಸಿಟ್ಟು ಬರುವವರು ಎಂದು ಅವರನ್ನು ಬಲ್ಲವರು ಹೇಳಿದ್ದಾರೆ. ಅವರಲ್ಲಿ ನಾವು ಕಾಣುವ ಸೌಮ್ಯತೆ ವರ್ಷಗಟ್ಟಲೆ ಮಾಡಿದ ಪ್ರಾರ್ಥನೆ ಮತ್ತು ಆತ್ಮಸಂಯಮದ ಫಲ.

ಪ್ರಾರ್ಥನೆಯ ಬಗ್ಗೆ ಅವರು ಕಲಿಸಿದ್ದು ಸರಳ. ಮನಸ್ಸು ಅಲೆದಾಡಿದರೆ ಅದನ್ನು ಗದರಿಸಬೇಡಿ, ಮೃದುವಾಗಿ ಹಿಡಿದು ಮತ್ತೆ ದೇವರ ಸನ್ನಿಧಿಗೆ ಕರೆತನ್ನಿ. ಇಡೀ ಹೊತ್ತು ಹೀಗೆ ಕರೆತರುವುದರಲ್ಲಿಯೇ ಕಳೆದರೂ ಅದು ವ್ಯರ್ಥವಲ್ಲ. ಹೂದೋಟದಲ್ಲಿ ಸುತ್ತಾಡಿದವರು ಬರುವಾಗ ಒಂದೆರಡು ಹೂ ಕಿತ್ತು ತರುವಂತೆ, ಧ್ಯಾನ ಮುಗಿಸಿ ಏಳುವಾಗ ಒಂದು ಯೋಚನೆಯನ್ನು ಆರಿಸಿಕೊಂಡು ದಿನವಿಡೀ ಅದರ ಪರಿಮಳ ಅನುಭವಿಸಿ. ಕೆಲಸದ ನಡುವೆ ಆಗಾಗ ಒಂದು ಪುಟ್ಟ ಮಾತಿನಿಂದ ದೇವರನ್ನು ನೆನೆಯಿರಿ. ತಪ್ಪು ಮಾಡಿದಾಗ ಪಶ್ಚಾತ್ತಾಪಪಡಿ, ಆದರೆ ನಿಮ್ಮ ಮೇಲೆಯೇ ಸಿಟ್ಟು ಮಾಡಿಕೊಳ್ಳಬೇಡಿ. ಇವು ಅವರು ಕೊಡುತ್ತಿದ್ದ ಸಲಹೆಗಳು.

ಕೊನೆಯ ದಿನಗಳು

1622ರ ಕೊನೆಯಲ್ಲಿ, ಆರೋಗ್ಯ ಕೆಟ್ಟಿದ್ದರೂ, ಅವರು ಸವೊಯ್ ಅರಸರ ಜೊತೆ ಪ್ರಯಾಣ ಹೊರಡಬೇಕಾಯಿತು. ಲಿಯೋನ್ ನಗರದಲ್ಲಿ ದೊಡ್ಡ ಮನೆಗಳಲ್ಲಿ ಉಳಿದುಕೊಳ್ಳಲು ಆಹ್ವಾನವಿದ್ದರೂ ಸಂದರ್ಶನ ಸಭೆಯ ಕನ್ಯಾಮಠದ ತೋಟಗಾರನ ಸಣ್ಣ ಮನೆಯನ್ನು ಆರಿಸಿಕೊಂಡರು. ಅಲ್ಲಿ ಜೇನ್ ದೆ ಶಾಂತಾಲ್‌ರವರು ಬಹುಕಾಲದ ಬಳಿಕ ಅವರನ್ನು ಭೇಟಿಯಾದರು. ತನ್ನ ಆತ್ಮದ ವಿಷಯಗಳನ್ನು ಹೇಳಿಕೊಳ್ಳಬೇಕೆಂದು ಆಕೆ ಕಾತರದಿಂದ ಬಂದಿದ್ದರು. ಫ್ರಾನ್ಸಿಸರು ಮೊದಲು ಸಭೆಯ ಕೆಲಸಗಳನ್ನು ಮಾತಾಡಿ ಮುಗಿಸೋಣ, ಉಳಿದದ್ದನ್ನು ಅನ್ಸಿಯಲ್ಲಿ ಮಾತಾಡೋಣ ಎಂದರು. ಆಕೆ ಮರುಮಾತಿಲ್ಲದೆ ಒಪ್ಪಿದರು. ಅದೇ ಅವರ ಕೊನೆಯ ಭೇಟಿಯಾಯಿತು.

ಸಾಯುವ ಮುನ್ನ ಅಲ್ಲಿನ ಧರ್ಮಭಗಿನಿಯರು ಕೊನೆಯ ಸಂದೇಶವೊಂದನ್ನು ಬೇಡಿದಾಗ ಅವರು ಕಾಗದದ ಮೇಲೆ ದೀನತೆ ಎಂಬ ಒಂದೇ ಪದವನ್ನು ಮೂರು ಸಲ ಬರೆದುಕೊಟ್ಟರು ಎಂದು ಸಂಪ್ರದಾಯ ಹೇಳುತ್ತದೆ. ಡಿಸೆಂಬರ್ 27ರಂದು ಪಾರ್ಶ್ವವಾಯು ಬಡಿಯಿತು. ಮರುದಿನ, ಮುಗ್ಧ ಹಸುಳೆಗಳ ಹಬ್ಬದಂದು, 55ನೇ ವಯಸ್ಸಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಪಾರ್ಥಿವ ಶರೀರವನ್ನು 1623ರ ಜನವರಿ 24ರಂದು ಅನ್ಸಿಯಲ್ಲಿ ಸಮಾಧಿ ಮಾಡಲಾಯಿತು. ಇಂದಿನ ಹಬ್ಬದ ದಿನ ಬಂದದ್ದು ಹೀಗೆ.

ಜೇನ್‌ರವರು ತಾನು ಅವರಿಗೆ ಬರೆದಿದ್ದ ಪತ್ರಗಳು ಕೈಸೇರಿದಾಗ ಅವುಗಳಲ್ಲಿ ಹೆಚ್ಚಿನವನ್ನು ಸುಟ್ಟುಬಿಟ್ಟರು. ಆದರೆ ಫ್ರಾನ್ಸಿಸರು ಬರೆದ ಪತ್ರಗಳನ್ನು ಜೋಪಾನವಾಗಿ ಸಂಗ್ರಹಿಸಿದರು. ಆಕೆಯ ಆ ಶ್ರಮ ಇಲ್ಲದಿರುತ್ತಿದ್ದರೆ ಈ ಸಂತರ ಹೃದಯ ನಮಗೆ ಇಷ್ಟು ಹತ್ತಿರವಾಗುತ್ತಿರಲಿಲ್ಲ.

ಧರ್ಮಸಭೆಯ ಗೌರವ

ಪೋಪ್ ಏಳನೇ ಅಲೆಕ್ಸಾಂಡರರು 1665ರಲ್ಲಿ ಫ್ರಾನ್ಸಿಸರನ್ನು ಸಂತರೆಂದು ಘೋಷಿಸಿದರು. 1877ರಲ್ಲಿ ಪೋಪ್ ಒಂಬತ್ತನೇ ಪಿಯುಸರು ಧರ್ಮಸಭೆಯ ಪಂಡಿತರೆಂಬ ಗೌರವ ನೀಡಿದರು. 1923ರಲ್ಲಿ, ಅವರ ಮರಣದ 300ನೇ ವರ್ಷದ ಸ್ಮರಣೆಯಲ್ಲಿ, ಪೋಪ್ ಹನ್ನೊಂದನೇ ಪಿಯುಸರು ಅವರನ್ನು ಕಥೋಲಿಕ ಬರಹಗಾರರ ಪಾಲಕರನ್ನಾಗಿ ಘೋಷಿಸಿದರು. 400ನೇ ವರ್ಷ ತುಂಬಿದ 2022ರ ಡಿಸೆಂಬರ್ 28ರಂದು ಪೋಪ್ ಫ್ರಾನ್ಸಿಸರು ಅವರ ಬಗ್ಗೆ ಪ್ರೇಷಿತ ಪತ್ರವೊಂದನ್ನು ಬರೆದರು. ವಿಶ್ವ ಸಂಪರ್ಕ ಮಾಧ್ಯಮ ದಿನದ ಪೋಪರ ಸಂದೇಶ ವಾಡಿಕೆಯಂತೆ ಇವರ ಹಬ್ಬದ ದಿನ ಪ್ರಕಟವಾಗುತ್ತದೆ.

ಸಂತ ಡಾನ್ ಬೋಸ್ಕೊ ತಮ್ಮ ಸಭೆಗೆ ಸಲೇಸಿಯನ್ ಎಂಬ ಹೆಸರಿಟ್ಟದ್ದು ಈ ಸಂತರ ಮೇಲಿನ ಭಕ್ತಿಯಿಂದ. ಅನ್ಸಿಯಲ್ಲಿಯೇ 1838ರಲ್ಲಿ ಗುರು ಪೀಟರ್ ಮೆರ್ಮಿಯೆ ಸ್ಥಾಪಿಸಿದ ಸಂತ ಫ್ರಾನ್ಸಿಸ್ ದೆ ಸಾಲ್ಸ್‌ರ ಮಿಶನರಿಗಳ ಸಭೆಯವರು 1846ರಲ್ಲಿ ವಿಶಾಖಪಟ್ಟಣಕ್ಕೆ ಬಂದರು. ಇಂದು ನಮ್ಮ ಕರ್ನಾಟಕವೂ ಸೇರಿದಂತೆ ದೇಶದ ಹಲವೆಡೆ ಅವರು ಸೇವೆ ಸಲ್ಲಿಸುತ್ತಿದ್ದಾರೆ. ಸವೊಯ್‌ನ ಬೆಟ್ಟಗಳಲ್ಲಿ ಬೆಳೆದ ಸಂತನ ಹೆಸರು ನಮ್ಮ ನಾಡಿಗೂ ತಲುಪಿದ್ದು ಹೀಗೆ.

ನಮಗೆ ಇರುವ ಪಾಠ

ಪ್ರೀತಿಯ ಓದುಗರೇ, ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಮಕ್ಕಳು ಗಲ್ಫ್‌ನಲ್ಲಿಯೋ ಮುಂಬೈಯಲ್ಲಿಯೋ ಇದ್ದು, ವಯಸ್ಸಾದ ತಂದೆತಾಯಿ ಮನೆಯಲ್ಲಿ ಒಂಟಿಯಾಗಿರುವುದನ್ನು ನೋಡುತ್ತೇವೆ. ಪತಿಯನ್ನು ಕಳೆದುಕೊಂಡವರು, ಪರೀಕ್ಷೆಯಲ್ಲಿ ಸೋತ ಯುವಕರು, ಕಾಯಿಲೆಯಿಂದ ಚರ್ಚಿಗೆ ಬರಲಾಗದವರು, ಯಾವುದೋ ಬೇಸರದಿಂದ ಚರ್ಚಿಗೆ ಬರುವುದನ್ನು ನಿಲ್ಲಿಸಿದವರು ಪ್ರತಿ ವಾಳೆಯಲ್ಲೂ ಇದ್ದಾರೆ. ಅಂತ್ಯಕ್ರಿಯೆಯ ದಿನ ನಾವೆಲ್ಲ ಅವರ ಮನೆಯಲ್ಲಿ ಸೇರುತ್ತೇವೆ. ತಿಂಗಳು ಕಳೆದ ಮೇಲೆ ಅವರನ್ನು ವಿಚಾರಿಸುವವರು ಎಷ್ಟು ಮಂದಿ?

ಇಂದು ಪತ್ರ ಬರೆಯುವ ರೂಢಿ ಕಡಿಮೆಯಾಗಿದೆ. ಆದರೆ ಪ್ರತಿಯೊಬ್ಬರ ಕೈಯಲ್ಲಿ ಮೊಬೈಲ್ ಇದೆ. ಎಲ್ಲರಿಗೂ ಒಂದೇ ಚಿತ್ರ, ಒಂದೇ ಸಂದೇಶ ಕಳುಹಿಸುವುದು ಸುಲಭ. ಫ್ರಾನ್ಸಿಸರು ಒಬ್ಬೊಬ್ಬರಿಗೂ ಅವರವರ ಕಷ್ಟಕ್ಕೆ ತಕ್ಕಂತೆ ಬರೆದರು. ವಾಳೆಯ ಗುರಿಕಾರರು, ಧರ್ಮೋಪದೇಶ ಕಲಿಸುವವರು, ಯುವಜನರ ಮತ್ತು ಮಹಿಳಾ ಸಂಘಟನೆಗಳ ಪದಾಧಿಕಾರಿಗಳು ವಾರಕ್ಕೆ ಒಬ್ಬರಿಗಾದರೂ ಹೀಗೆ ನಾಲ್ಕು ಸಾಲು ಬರೆಯಬಹುದಲ್ಲವೇ? ಬರೆಯುವ ಮೊದಲು ಆ ವ್ಯಕ್ತಿಯ ಹೆಸರು ಹೇಳಿ ಒಂದು ಕ್ಷಣ ಪ್ರಾರ್ಥಿಸೋಣ. ಉಪದೇಶ ಕಡಿಮೆ ಮಾಡೋಣ. ಕೇಳಿದ ಪ್ರಶ್ನೆಗೆ ಉತ್ತರಿಸೋಣ. ಸಿಟ್ಟಿನಲ್ಲಿ ಬರೆದದ್ದನ್ನು ಕಳುಹಿಸದಿರೋಣ. ಸಂತರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ನಿಮ್ಮಲ್ಲಿ ಯಾರಾದರೂ ಈ ಹೊತ್ತು ನಿರಾಶೆಯಲ್ಲಿದ್ದರೆ, ದೇವರು ನನ್ನನ್ನು ಮರೆತಿದ್ದಾರೆ ಎಂದು ಅನ್ನಿಸುತ್ತಿದ್ದರೆ, ಈ ಮಹಾನ್ ಸಂತರೂ 19ರ ಹರೆಯದಲ್ಲಿ ಅದೇ ಕತ್ತಲಲ್ಲಿ ಇದ್ದರು ಎಂಬುದನ್ನು ನೆನಪಿಡಿ. ನೀವು ನಂಬುವ ಯಾರಲ್ಲಾದರೂ, ನಿಮ್ಮ ಗುರುಗಳಲ್ಲಾದರೂ, ಅದನ್ನು ಹೇಳಿಕೊಳ್ಳಿ. ಜೇನ್ ದೆ ಶಾಂತಾಲ್‌ರವರ ಬಾಳಿನಲ್ಲಿ ಬದಲಾವಣೆ ಆರಂಭವಾದದ್ದು ತನ್ನ ಸಂಕಟವನ್ನು ಒಬ್ಬರಲ್ಲಿ ಬಾಯಿಬಿಟ್ಟು ಹೇಳಿಕೊಂಡ ದಿನ.

ಸಂತ ಫ್ರಾನ್ಸಿಸ್ ದೆ ಸಾಲ್ಸ್‌ರವರೇ, ನಮ್ಮ ಮಾತು ಮತ್ತು ಬರಹಗಳು ಎದೆಗುಂದಿದವರಿಗೆ ಆಸರೆಯಾಗುವಂತೆ ನಮಗಾಗಿ ಪ್ರಾರ್ಥಿಸಿರಿ. ಆಮೆನ್.